ದೊಡ್ಡಮ್ಮನ ಅಳತೆ ಟೇಪು

ನಮ್ಮ ದೊಡ್ಡಮ್ಮ ಬ್ಯಾಟರಿ ಗಾಲಿಕುರ್ಚಿಯಲ್ಲಿ ವಿಮಾನ ನಿಲ್ದಾಣಕ್ಕೆ ಬಂದರೆ ಅಲ್ಲಿನ ಸಿಬ್ಬಂದಿ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾರೆ. ಬ್ಯಾಟರಿಯ ಕಾಗದಪತ್ರ ಅವರು ಕೇಳುವ ಮೊದಲೇ ಮೇಜಿನ ಮೇಲಿರುತ್ತದೆ. "ಇವ್ರು ನಡೀತಾರಾ ಸಾರ್?" ಎಂದು ಯಾರಾದರೂ ದೊಡ್ಡಪ್ಪನನ್ನು ಕೇಳಿದರೆ, "ಅವ್ರನ್ನೇ ಕೇಳಿ, ನಾನು ಬರೀ ಲಗೇಜು" ಎನ್ನುತ್ತಾರೆ ಅವರು. ಕುರ್ಚಿ ವಿಮಾನದ ಹೊಟ್ಟೆಗೆ ಹೋದರೂ ಅದನ್ನು ನಡೆಸುವ ಜಾಯ್‌ಸ್ಟಿಕ್ ಮಾತ್ರ ದೊಡ್ಡಮ್ಮನ ಕೈಚೀಲದಲ್ಲೇ ಇರುತ್ತದೆ. ವಿಮಾನ ಇಳಿದು ಎಲ್ಲರೂ ಹೋದ ಮೇಲೂ ಅವರು ಸೀಟು ಬಿಟ್ಟು ಕದಲುವುದಿಲ್ಲ. "ಮೊದ್ಲು ನನ್ನ ಕಾಲು ಬಾಗಿಲಿಗೆ ಬರ್ಲಿ, ಆಮೇಲೆ ನಾನು." ಇನ್ನು ಹಡಗು ಹತ್ತಿದರೆ ಅದರ ಒಂದೊಂದು ಬಾಗಿಲಿನ ಅಗಲವೂ ಕಪ್ತಾನನಿಗಿಂತ ಅವರಿಗೇ ಚೆನ್ನಾಗಿ ಗೊತ್ತು, ಟೇಪು ಹಿಡಿದು ಅಳೆದು, ಬರೆದು, ಗಾಲಿಕುರ್ಚಿಯ ಗೆಳೆಯರಿಗೆಲ್ಲ ಕಳಿಸುತ್ತಾರೆ. ಒಂದು ಬಂದರಿನಲ್ಲಿ ಮಾತ್ರ ಇಳಿಯುವ ಕಡೆ ಮೂರು ಮೆಟ್ಟಿಲಿದ್ದು, ದಿನವಿಡೀ ಹಡಗಿನಲ್ಲೇ ಉಳಿಯಬೇಕಾಯಿತು. ಆ ಮೆಟ್ಟಿಲುಗಳ ಅಳತೆ ಬರೆದು ಬಂದರಿನ ಕಚೇರಿಗೆ ಒಂಬತ್ತು ಪತ್ರ ಹಾಕಿದರು. ಮೊನ್ನೆ, ಆ ಗೆಳೆಯರ ಮೂಲಕ ದೊಡ್ಡಮ್ಮನ ಅಳತೆಗಳನ್ನು ಓದಿದ್ದ ಗುರುತಿಲ್ಲದ ಹುಡುಗಿಯೊಬ್ಬಳು ಅಲ್ಲಿಂದ ಫೋಟೋ ಕಳಿಸಿದ್ದಳು. ಮೆಟ್ಟಿಲಿದ್ದ ಜಾಗದಲ್ಲಿ ಇಳಿಜಾರು, ಅದರ ನಡುವೆ ಅವಳ ಗಾಲಿಕುರ್ಚಿ. ದೊಡ್ಡಮ್ಮ ಎರಡು ಸಲ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಗೊಣಗಿದರು: "ಅಗಲ ಎಷ್ಟು ಅಂತ ಬರ್ದೇ ಇಲ್ವಲ್ಲ ಈ ಹುಡ್ಗಿ. ನಾನೇ ಹೋಗಿ ಅಳೀಬೇಕು."