ಉಸಿರಾಡಿದ ತರಗೆಲೆ

ದೋಸೆಗೆ ರುಬ್ಬಿಟ್ಟು, ಬಟ್ಟೆ ಒಗೆದು ಹರವಿ, ಸೌದೆ ಒಳಗಿಟ್ಟು, ನಂಜನಗೂಡಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅತ್ತೆಯವರ ಜೊತೆ ಊಟದೆಲೆ ಹಚ್ಚಲು ಕುಳಿತೆ. ತೊಂಬತ್ತೇಳರ ಕಾರ್ತಿಕ ಮಾಸ. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ; ಒಣಗಿದ ಮುತ್ತುಗದ ಎಲೆಗಳನ್ನು ಬೆರಳಲ್ಲೇ ತಡವಿ, ಕಡ್ಡಿ ಚುಚ್ಚಿ ಜೋಡಿಸುತ್ತಿದ್ದರು. ಹಿಂದಿನ ದಿನ, "ಚುಚ್ಚಿದ ಎಲೆ ಒದ್ದಾಡ್ತು" ಎಂದಿದ್ದರು. ಬುದ್ಧಿಯೂ ಮಂಕಾಯಿತೆಂದು ನಮ್ಮ ಯಜಮಾನರು ಸೋಮವಾರ ಅವರನ್ನು ಮೈಸೂರಿನ ಮನೋವೈದ್ಯರಿಗೆ ತೋರಿಸುವುದೆಂದು ತೀರ್ಮಾನಿಸಿದ್ದರು.

ಒಂದು ಎಲೆಯ ನಡುವಿನ ತೂತಿಗೆ ತೇಪೆ ಹಾಕಲು, ರಾಶಿಯ ಮೇಲಿದ್ದ ಪುಟ್ಟ ತರಗೆಲೆಯ ಬಳಿ ಕಡ್ಡಿ ಒಯ್ದೆ. ನಡುವೆ ನರ, ತುದಿಯಲ್ಲಿ ತೊಟ್ಟು, ಅಲ್ಲಲ್ಲಿ ಕೊಳೆತ ಚುಕ್ಕೆ, ಎಲ್ಲವೂ ಇತ್ತು. ಅತ್ತೆ ಅದರ ಮೇಲೆ ಮೆಲ್ಲಗೆ ಬೆರಳಿಟ್ಟರು.

"ತಾಳೇ, ಇದು ಉಸಿರಾಡ್ತಿದೆ ಕಣೇ."

"ಬರೀ ಎಲೆ ಬಿಡೀಮ್ಮ" ಎನ್ನುವಷ್ಟರಲ್ಲಿ ಅದು ಎರಡಾಗಿ ಬಿಚ್ಚಿಕೊಂಡಿತು. ಒಳಗೆ ಎರಡು ಕಪ್ಪು ಕಣ್ಣು, ಸುತ್ತ ಕೆಂಚು ಬಣ್ಣ, ಪಾಪೆಯೊಳಗೆ ಬಿಳಿ ಚುಕ್ಕೆ. ರೆಕ್ಕೆಯ ಮೇಲಿನ ಆ ಕಣ್ಣುಗಳು ಅರೆಕ್ಷಣ ನನ್ನನ್ನೇ ದಿಟ್ಟಿಸಿದಂತಿದ್ದು, ಎಲೆಯಂತೆ ರೆಕ್ಕೆ ಮಡಚಿ ಕೂತಿದ್ದ ಚಿಟ್ಟೆ ಕತ್ತಲ ಮೂಲೆಗೆ ಹಾರಿತು. ಅತ್ತೆ ಬೆರಳಿಗಂಟಿದ ಕಂದು ಪುಡಿಯನ್ನು ಉಜ್ಜುತ್ತಾ, "ನಿನ್ನೇದೂ ಹೀಗೇ ಇತ್ತು. ನನಗೆ ಹುಚ್ಚು ಅಂದ್ರಿ" ಎಂದರು.

ನಿನ್ನೆ ಹಚ್ಚಿಟ್ಟ ಎಲೆಗಳ ಕಟ್ಟು ಬಿಚ್ಚಿ, ಒಂದೊಂದೇ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಏಳನೆಯದರ ತೇಪೆಯಲ್ಲಿ, ಕಡ್ಡಿಯ ಪಕ್ಕ, ಕೂದಲಿನಷ್ಟು ಸಣ್ಣ ಕಾಲುಗಳಿದ್ದವು. ಅದನ್ನು ಯಜಮಾನರ ಕೈಗಿಟ್ಟೆ. ಮೈಸೂರಿನ ಮಾತು ಮತ್ತೆ ಬರಲಿಲ್ಲ. ರಾತ್ರಿ ಸ್ಟೀಲ್ ತಟ್ಟೆಯಲ್ಲೇ ಅನ್ನ, ಹುರುಳಿಕಟ್ಟಿನ ಸಾರು ಉಂಡೆವು. ಅತ್ತೆ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.