ನಡುಗಿದ್ದು ಮಿಷನ್ ಅಲ್ಲ

ಬೆಳಗಿನ ಆರು ಗಂಟೆ. ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಯೊಂದರಲ್ಲಿ ಶಟರ್ ಎತ್ತುವ ಮೊದಲ ಸದ್ದು. ರಾಮಾಂಜಿನಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಎರಡು ಸೂಜಿಯ ಮಿಷನ್ ಮುಂದೆ ಕೂರುತ್ತಾರೆ. ಇಲ್ಲಿ ಅದನ್ನು ಡಬಲ್ ನೀಡಲ್ ಎನ್ನುತ್ತಾರೆ. ಎಣ್ಣೆ ಒರೆಸಿ, ಹಳದಿ ದಾರ ಪೋಣಿಸಿ, ಚಿಂದಿ ಬಟ್ಟೆಯ ಮೇಲೆ ಒಂದು ಗೆರೆ ಓಡಿಸಿ ಬೆಳಕಿಗೆ ಹಿಡಿಯುತ್ತಾರೆ. ಗೆರೆ ಒಪ್ಪಿಗೆಯಾದರೆ ಮಾತ್ರ ಪ್ಯಾಂಟು ಕೈಗೆತ್ತಿಕೊಳ್ಳುವುದು.

ಜೀನ್ಸ್ ಪ್ಯಾಂಟಿನ ಜಿಪ್ಪಿನ ಪಕ್ಕ ಕುಡುಗೋಲಿನಂತೆ ಬಾಗಿ ಇಳಿಯುವ ಎರಡು ಹಳದಿ ಗೆರೆಗಳನ್ನು ನಾವೆಲ್ಲ ತೊಟ್ಟು ತಿರುಗುತ್ತೇವೆ, ನೋಡುವವರು ಕಡಿಮೆ. ಹೊಲಿಯುವವರ ಬಾಯಲ್ಲಿ ಅದು ‘ಜೆ’. ನೀಲಿಯ ಮೇಲೆ ಹಳದಿಯಾದ್ದರಿಂದ ಕೂದಲೆಳೆಯಷ್ಟು ಅಲುಗಿದರೂ ಕಣ್ಣಿಗೆ ರಾಚುತ್ತದೆ. ರಾಮಾಂಜಿನಮ್ಮ ದಿನಕ್ಕೆ ಮುನ್ನೂರೈವತ್ತು ಪ್ಯಾಂಟಿಗೆ ‘ಜೆ’ ಹಾಕುತ್ತಾರೆ. ಒಂದು ಕಾಲಕ್ಕೆ ಇದೇ ಕೈ ಮಿಷನ್ ಮುಟ್ಟುವುದೇ ಬೇಡ ಎಂದಿದ್ದರು ಇಲ್ಲಿನವರು.

ವಯಸ್ಸು ಮೂವತ್ತೆಂಟು. ಹುಟ್ಟಿದ್ದು ಮಡಕಶಿರ ಕಡೆಯ ರತ್ನಗಿರಿ. ಹತ್ತೊಂಬತ್ತಕ್ಕೆ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಸೇರಿದರು. ಒಂದು ಕೋಣೆ, ಆರು ಹುಡುಗಿಯರು, ಒಂದು ಸ್ಟೌ. ದಾರ ಕತ್ತರಿಸುವುದರಿಂದ ಶುರುಮಾಡಿ, ಊಟದ ಬಿಡುವಿನಲ್ಲಿ ಖಾಲಿ ಮಿಷನ್ ಮೇಲೆ ಕದ್ದು ಕಲಿತು, ಐದು ವರ್ಷಕ್ಕೆ ಡಬಲ್ ನೀಡಲ್ ಆಪರೇಟರ್ ಆದರು. ಅಲ್ಲೇ ಇಸ್ತ್ರಿ ವಿಭಾಗದಲ್ಲಿದ್ದ ರಾಯದುರ್ಗದ ಎರ್ರಿಸ್ವಾಮಿಯನ್ನು ಮದುವೆಯಾದರು. ಕೊರೊನಾ ವರ್ಷ ಫ್ಯಾಕ್ಟರಿ ಮುಚ್ಚಿದಾಗ ಗಂಡನ ಊರಿಗೆ ಬಂದು, ದೊಡ್ಡಬಸಪ್ಪ ಎಂಬವರ ಎಂಟು ಮಿಷನ್ನಿನ ಈ ಶೆಡ್ಡಿನಲ್ಲಿ ಕೆಲಸ ಕೇಳಿದರು. “ಹೆಂಗಸ್ರು ಕಾಜ, ಗುಂಡಿ ನೋಡ್ಕಳ್ಳಿ ಅಂದ್ರು. ನಾನು ಮಿಷನ್ ಮುಂದೆ ಕೂತ್ಕಂಡೇ ಉತ್ರ ಕೊಟ್ಟೆ ಸಾರ್,” ಎಂದು ನಗುತ್ತಾರೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಗೆರೆ ಅಲುಗತೊಡಗಿತು. ಎರಡು ಸೂಜಿಯಾದ್ದರಿಂದ ಎರಡೂ ಗೆರೆ ಜೊತೆಜೊತೆಯಾಗಿಯೇ ಸೊಟ್ಟ. ರಾಮಾಂಜಿನಮ್ಮನಿಗೆ ಒಂದಿಷ್ಟೂ ಅನುಮಾನವಿಲ್ಲ: ಮಿಷನ್ ನಡುಗುತ್ತಿದೆ. ಹನ್ನೆರಡು ವರ್ಷ ಪಳಗಿದ ಕೈ, ಅದು ತಪ್ಪುವುದುಂಟೇ! ಮೆಕ್ಯಾನಿಕ್ ಸಾಯಿಕುಮಾರ್ ಬೆಲ್ಟು ಬದಲಿಸಿದ. ಮೇಜಿನ ಕಾಲಿಗೆ ರಟ್ಟು ಮಡಚಿ ಇಟ್ಟ. ಮೂರನೇ ಸಲ ಎಲ್ಲ ಬಿಚ್ಚಿ ಜೋಡಿಸಿ, “ಮಿಷನ್ ಬಾಗುಂದಕ್ಕಾ” ಎಂದ. ಚೆನ್ನಾಗಿದೆ ಎಂಬ ಆ ತೆಲುಗು ಮಾತು ಅವರಿಗೆ ಬೈಗುಳದಂತೆ ಕೇಳಿತು. ನಿನಗೆ ಕೆಲಸವೇ ಬರುವುದಿಲ್ಲ ಎಂದು ಪಾಪ ಅವನನ್ನೇ ದಬಾಯಿಸಿದರು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಎಂಟೂ ಮಿಷನ್ ಒಮ್ಮೆಲೇ ನಿಂತವು. ರಾಮಾಂಜಿನಮ್ಮನ ಎಡಗೈ ಕೆಳಗಿದ್ದ ಪ್ಯಾಂಟು ಮಾತ್ರ ಇನ್ನೂ ಅಲುಗುತ್ತಿತ್ತು. ಹಳದಿ ದಾರದ ತುದಿ ಕುಣಿಯುತ್ತಿತ್ತು. ಬಲಗೈಯಿಂದ ಒತ್ತಿ ಹಿಡಿದರೆ ಬಲಗೈಯೂ ನಡುಗಿತು. “ಯಾರಿಗೂ ಕಾಣ್ದಂಗೆ ಎರಡೂ ಕೈ ತೊಡೆ ಕೆಳಗಿಟ್ಕಂಡೆ. ಕರೆಂಟ್ ಬರೋದೇ ಬ್ಯಾಡಪ್ಪ ದೇವ್ರೇ ಅನ್ನಿಸ್ತು,” ಎನ್ನುವಾಗ ಅವರ ದನಿ ತಗ್ಗುತ್ತದೆ. ಅಷ್ಟು ಭಯ ಅವರಿಗೆ ಹೊಸ ಊರಿಗೆ ಹೋದಾಗಲೂ ಆಗಿರಲಿಲ್ಲ.

ಬರಬರುತ್ತ ನಡುಕದ ಜೊತೆಗೆ ಇನ್ನೊಂದು ಶುರುವಾಯಿತು. ಬೆರಳು ತಾನಾಗಿಯೇ ಚಿಮ್ಮುವುದು, ಭುಜ ಹಾರುವುದು, ಹೇಳದೆ ಕೇಳದೆ ಕೈ ಬೀಸಿಬಿಡುವುದು. ಹಾಗೆ ಬೀಸಿದ ಕೈ ನೋಡಿ, ಸೊಸೆ ತನ್ನನ್ನು ಆಚೆ ಹೋಗು ಎನ್ನುತ್ತಿದ್ದಾಳೆಂದು ತಿಳಿದು ಅತ್ತೆ ಶಂಕ್ರಮ್ಮ ಎರಡು ದಿನ ಮಾತು ಬಿಟ್ಟರು. ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತಿತ್ತು, ಸುಮ್ಮನೆ ಕೂತರೂ ಎದೆ ಡವಡವ ಎನ್ನುತ್ತಿತ್ತು. ಕೊನೆಗೆ ಅದೇ ಅತ್ತೆ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಾಚಿದ ಬೆರಳುಗಳ ಮೇಲೆ ಡಾಕ್ಟರು ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅದುರಿತು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಮಿತಿಮೀರಿತ್ತು. “ಕೈಗೇನೂ ಆಗಿಲ್ವಂತೆ. ಕುತ್ತಿಗೇಲಿರೋ ಗ್ರಂಥಿ ಅತಿಯಾಗಿ ಕೆಲ್ಸ ಮಾಡಿ ಮೈಯೆಲ್ಲಾ ಓಡುಸ್ತೈತಂತೆ, ಮೋಟ್ರಿಗೆ ಕರೆಂಟ್ ಜಾಸ್ತಿ ಬಂದಂಗೆ,” ಎಂದು ರಾಮಾಂಜಿನಮ್ಮ ವಿವರಿಸುತ್ತಾರೆ. ಅಂದಿನಿಂದ ಮಾತ್ರೆ ಶುರುವಾಯಿತು.

ಕೆಲವು ವಾರಗಳಲ್ಲಿ ಬೆರಳು ಚಿಮ್ಮುವುದು ನಿಂತಿತು. ನಡುಕ ಮೆಲ್ಲಗೆ ಇಳಿಯಿತು. ಶೆಡ್ಡಿನವರ ಅನುಮಾನ ಇಳಿಯಲಿಲ್ಲ. “ಕುಂತು ದಾರ ಕತ್ತರ್ಸವಾ, ಆರಾಮ ಐತಿ. ಮಿಷನ್ ಯಾಕ ಬೇಕು ನಿನಗ?” ಎಂದರು ದೊಡ್ಡಬಸಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ರಾಮಾಂಜಿನಮ್ಮನಿಗೆ ಆ ಕರುಣೆಯೇ ಹೆಚ್ಚು ಉರಿಸಿತು. ಆರು ತಿಂಗಳು ನೆಲದ ಮೇಲೆ ಕೂತು ಬೇರೆಯವರ ಹೊಲಿಗೆಯ ದಾರ ಕತ್ತರಿಸಿದರು. ಇನ್ನು ಹೊಲಿಯಬಹುದು ಎಂದು ಡಾಕ್ಟರು ಹೇಳಿದ ಮೇಲೂ, ಜಪ್ಪಯ್ಯ ಎಂದರೂ ಮಾಲೀಕರು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಕತ್ತರಿ ಕೆಳಗಿಟ್ಟು ಎದ್ದು ನಿಂತರು. “ಬಸಪ್ಪಣ್ಣ, ನಾನು ಹತ್ತು ಹೊಲೀತೀನಿ, ನೀವೂ ಹತ್ತು ಹೊಲೀರಿ. ಹೆಸ್ರು ಜೇಬಿನೊಳ್ಗೆ ಬರೆಯಾನ. ಎಲ್ಲಾ ಕಲ್ಸಿ ಸೊಟ್ಟ ಇರೋವು ನೀವೇ ಆರ್ಸಿ. ಅವೆಲ್ಲಾ ನನ್ವೇ ಆದ್ರೆ ಇನ್ನು ಮಿಷನ್ ಕೇಳಾಕಿಲ್ಲ.” ದೊಡ್ಡಬಸಪ್ಪ ಅರ್ಧ ಓಣಿಗೆ ಹೊಲಿಗೆ ಕಲಿಸಿದ ಆಸಾಮಿ. ಮೀಸೆಯಲ್ಲೇ ನಕ್ಕು ಕೂತರು, ಗಳಿಗೆಯಲ್ಲಿ ಹತ್ತು ಮುಗಿಸಿ ಎದ್ದರು. ರಾಮಾಂಜಿನಮ್ಮ ಮಣಿಕಟ್ಟನ್ನು ಮೇಜಿಗೆ ಒತ್ತಿಟ್ಟು, ಆತುರಪಡದೆ, ಒಳಗೊಳಗೆ ಹೆದರುತ್ತಲೇ ಹೊಲಿದರು.

ಇಪ್ಪತ್ತರ ರಾಶಿಯಿಂದ ಮಾಲೀಕರು ನಾಲ್ಕು ಎಳೆದು ಹಾಕಿದರು. ಜೇಬು ತಿರುವಿ ಹೆಸರು ಓದಿದ್ದು ಸಾಯಿಕುಮಾರ್. ಒಂದು ರಾಮಾಂಜಿನಮ್ಮನದು, ಮೂರು ದೊಡ್ಡಬಸಪ್ಪನವರದೇ. “ಒಂದು ನಂದೇ ಅಣ್ಣ, ಒಪ್ಕಂಡೆ,” ಎಂದರು ರಾಮಾಂಜಿನಮ್ಮ. “ಮೂರು ನಿಮ್ದು. ನಿಮ್ಮ ಕೈಗ್ಯಾವ ಕಾಯ್ಲೆ?”

ದೊಡ್ಡಬಸಪ್ಪ ಈಗ ಬಂದವರಿಗೆಲ್ಲ ತಾವೇ ಈ ಕಥೆ ಹೇಳುತ್ತಾರೆ: “ನನ್ನ ಹೊಲಿಗಿ ನಾನ ಸೊಟ್ಟ ಅಂತ ತಗದು ಒಗದೀನ್ರಿ!” ಅಂದೇ ಅವರು ಡಬಲ್ ನೀಡಲ್ ಮುಂದಿನ ಸ್ಟೂಲನ್ನು ರಾಮಾಂಜಿನಮ್ಮನ ಕಡೆ ಎಳೆದು ಕೊಟ್ಟಿದ್ದರು. ರಾಮಾಂಜಿನಮ್ಮನ ಮಾತ್ರೆ ಇನ್ನೂ ನಿಂತಿಲ್ಲ. ನಿದ್ದೆಗೆಟ್ಟರೆ, ಸಿಟ್ಟು ಬಂದರೆ ಬೆರಳು ಸಣ್ಣಗೆ ಅದುರುತ್ತದೆ. ಆಗ ಒಂದು ಲೋಟ ನೀರು ಕುಡಿದು, ಸ್ವಲ್ಪ ಕಾದು, ಮತ್ತೆ ಹೊಲಿಯುತ್ತಾರೆ.

ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾವನ್ನು ಅವರ ಬೆರಳುಗಳ ಹತ್ತಿರಕ್ಕೆ ತಂದಾಗ ರಾಮಾಂಜಿನಮ್ಮ ಆಗಷ್ಟೇ ಮುಗಿಸಿದ ಪ್ಯಾಂಟನ್ನು ಎತ್ತಿ ಅಡ್ಡ ಹಿಡಿಯುತ್ತಾರೆ.

“ಕೈ ಬ್ಯಾಡಪ್ಪ, ಇದನ್ನ ತಗಿ. ಪೇಪರ್‌ನಾಗೆ ಮೊದ್ಲು ಡಬಲ್ ನೀಡಲ್ ಆಪರೇಟರ್ ಅಂತ ಬರೀರಿ. ಕಾಯ್ಲೆ ವಿಷ್ಯ, ಜಾಗ ಉಳಿದ್ರೆ ಹಾಕ್ಕಳ್ಳಿ.”