ಕೊಟ್ಟಿಗೆ ಕಡೆಯ ಕಿಟಕಿ

ನನ್ನ ತಂಗಿಯ ಮಗಳು ಚೈತ್ರ ನಂಜನಗೂಡಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುತ್ತಾಳೆ. ಮಾಡಿಸುತ್ತಾಳೆ ಅಲ್ಲ, ಮಾಡುತ್ತಾಳೆ. ಚೌಕಟ್ಟು ಕೊಯ್ಯುವವಳೂ ಅವಳೇ, ಗೋಡೆ ಕೊರೆಯುವವಳೂ ಅವಳೇ. ಅಂಗಡಿಗೆ ಬಂದು ‘ಯಜಮಾನ್ರು ಇಲ್ವಾ?’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಮಾತ್ರ ನಕ್ಕು ‘ಇದೀನಿ, ಹೇಳಿ’ ಅನ್ನುತ್ತಾಳೆ. ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ಗಾಜು ಹಿಡಿಯಲು ಜೊತೆಗೆ ಹೋಗುತ್ತೇನೆ.

ಈಚೆಗೆ ಅವಳಿಗೆ ಜೋಡಿ ಗಾಜಿನ ಕಿಟಕಿಯ ಹುಚ್ಚು ಹತ್ತಿದೆ. ಎರಡು ಗಾಜು, ನಡುವೆ ಬೆರಳಗಲ ಒಣಗಾಳಿ, ಸುತ್ತ ಭದ್ರವಾದ ಅಂಟು. ಹೊರಗಿನ ಬಿಸಿಯೂ ಒಳಗೆ ಬಾರದು, ಸದ್ದೂ ಬಾರದು. ಪೇಟೆಯಲ್ಲಿ ಹೆಸರಾಯಿತು. ಹಳ್ಳಿಯಿಂದ ಮೊದಲು ಕರೆದವರು ಮೂಗೂರಿನ ಜವರಮ್ಮ. ಅವರದು ತಾರಸಿ ಮನೆ, ಬೇಸಿಗೆಯಲ್ಲಿ ಒಳಗೆ ಕೂರುವಂತಿರಲಿಲ್ಲ. ಚೈತ್ರ ಹಳೆಯ ಮರದ ಕಿಟಕಿಗಳನ್ನೆಲ್ಲ ತೆಗೆದು ಅಟ್ಟಕ್ಕೇರಿಸಿ ಹೊಸವನ್ನು ಕೂರಿಸಿದಳು. ಈ ಕೆಲಸ ಕೆಟ್ಟರೆ ತಿ. ನರಸೀಪುರದ ಕಡೆ ಯಾವ ಹಳ್ಳಿಯವರೂ ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೇ ತಿಂಗಳಲ್ಲಿ ಜವರಮ್ಮನ ಫೋನ್ ಬಂತು. ‘ನಿನ್ ಕಿಟ್ಕಿ ಎಲ್ಲಾನೂ ಕಿತ್ಕಂಡ್ ಓಗವ್ವ.’

ಹೋದೆವು. ಆಗಿದ್ದಿಷ್ಟು. ಮಧ್ಯಾಹ್ನ ಉಂಡು, ಕಿಟಕಿ ಮುಚ್ಚಿ, ಮನೆಮಂದಿಯೆಲ್ಲ ತಂಪಿನಲ್ಲಿ ಮಲಗಿದ್ದಾರೆ. ಪಕ್ಕದ ಕೊಟ್ಟಿಗೆಯಲ್ಲಿ ದಿನ ತುಂಬಿದ ಹಸು ನೋವು ತಿಂದು ಕೂಗಿದೆ. ಯಾರಿಗೂ ಕೇಳಿಸಿಲ್ಲ. ನೆರೆಮನೆಯ ಸಿದ್ದರಾಜು ಗೋಡೆ ಹಾರಿ ಬಂದು, ಸಿಕ್ಕಿಕೊಂಡಿದ್ದ ಕರುವನ್ನು ಎಳೆದು ಉಳಿಸಿದ್ದಾನೆ.

‘ಈ ಮನೆ ಕಟ್ಟದಾಗ್ನಿಂದ ಆ ಕಿಟ್ಕಿ ಪಕ್ಕನೇ ಮಲ್ಗೋದು ನಾನು,’ ಎಂದರು ಜವರಮ್ಮ. ‘ಅಸು ಮಗ್ಗುಲು ಬದ್ಲಾಯ್ಸುದ್ರೂ ಎಚ್ಚರಾಗೋದು. ನನ್ನ ಕಿವುಡಿ ಮಾಡ್ಬುಟ್ಟೆ ಕಣವ್ವ.’

ನನಗೆ ಸಿಟ್ಟು ನೆತ್ತಿಗೇರಿತು. ಕಿಟಕಿ ತಾನಾಗಿಯೇ ಮುಚ್ಚಿಕೊಂಡಿತೇ ಎಂದು ಕೇಳಲು ಬಾಯಿ ತೆರೆದೆ. ಚೈತ್ರ ನನ್ನ ತೋಳು ಹಿಡಿದಳು.

‘ತಪ್ಪು ನಂದೇ ಅಮ್ಮ. ನಾನೂ ಹಸು ಕಟ್ಟಿದ ಮನೇಲೇ ಬೆಳೆದೋಳು. ಕೊಟ್ಟಿಗೆ ಕಡೆಗೆ ಇದನ್ನ ಹಾಕ್ಬಾರ್ದಿತ್ತು.’

ಹೇಳಿದಂತೆ ಬಿಚ್ಚತೊಡಗಿದಳು, ಪಡುವಲ ಕೋಣೆಯಿಂದ. ಮೊದಲ ಕಿಟಕಿ ಹೊರಬಂದದ್ದೇ ತಡ, ಒಲೆಯ ಬಾಯಿ ತೆರೆದಂತೆ ಝಳ ನುಗ್ಗಿತು. ಜವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಸೆರಗಿನಿಂದಲೇ ಗಾಳಿ ಬೀಸಿಕೊಂಡರು. ಆಮೇಲೆ, ‘ಅದ್ನ ವಾಪಸ್ ಕೂರ್ಸವ್ವ. ಕೊಟ್ಗೆ ಕಡೇದ್ ಒಂದ್ ತಗಿ ಸಾಕು,’ ಎಂದರು.

ಅಲ್ಯೂಮಿನಿಯಂ ಕಿಟಕಿ ಮಾಡುವ ಹುಡುಗಿ ಅಟ್ಟ ಹತ್ತಿ, ಹಳೆಯ ಮರದ ಕಿಟಕಿಯನ್ನು ಇಳಿಸಿ, ಧೂಳು ಕೊಡವಿ, ಉಜ್ಜಿ, ಕೊಟ್ಟಿಗೆ ಕಡೆ ಮತ್ತೆ ಕೂರಿಸಿದಳು. ಹಾಗೇ ಬಿಡಲಿಲ್ಲ. ಜವರಮ್ಮನ ಮಂಚದಲ್ಲಿ ತಾನೇ ಮಲಗಿ ಕಿವಿಗೊಟ್ಟಳು. ‘ಕರು ಹಾಲು ಚೀಪೋದು ಕೇಳ್ತಿದೆ, ಬನ್ನಿ ಅಮ್ಮ.’

ಸಂಜೆ ಹಾಲಿನ ಡೈರಿಯ ಮುಂದೆ ನಮ್ಮ ಗೂಡ್ಸ್ ಆಟೋ ನಿಲ್ಲಿಸಿ ಟೀ ಕುಡಿಯುತ್ತಿದ್ದೆವು. ಜವರಮ್ಮನೂ ಕ್ಯಾನ್ ಹಿಡಿದು ಬಂದರು. ಸಾಲಿನಲ್ಲಿದ್ದ ರಾಚಮ್ಮ ಎಂಬಾಕೆ, ನಾವಿರುವುದು ಗೊತ್ತಿದ್ದೇ, ‘ಏನ್ ಜವರಮ್ಮ, ನಿನ್ ಕಿಟ್ಕಿ ಉಡ್ಗಿ ಕೆಲ್ಸ ಕೆಡುಸ್ಬುಟ್ಲಂತೆ,’ ಎಂದಳು.

ಜವರಮ್ಮ ಕ್ಯಾನ್ ಕೆಳಗಿಟ್ಟರು. ‘ಕೆಡುಸುದ್ಲು, ನಿಜ. ಕರ್ದೆ, ಬಂದು ತಪ್ಪು ನಂದೇ ಅಂದ್ಲು. ನಮ್ಮನೇಲಿ ಕೆಲ್ಸ ಮಾಡ್ದೋರು ಇನ್ಯಾರೂ ಆ ಮಾತಾಡಿಲ್ಲ. ನಿಮ್ಮನೇಗೂ ಇವ್ಳುನ್ನೇ ಕರ್ಸ್ಕಳಿ.’